ಒತ್ತು

ವಿ.ಸಿ. ನಾಲೆಯ ಹನ್ನೆರಡನೇ ತೂಬಿನ ಪಕ್ಕ
ತಗಡಿನ ಶೆಡ್ಡು. ಅಲ್ಲಿ ನನ್ನ ರಾತ್ರಿ ಪಾಳಿ.
ಮೂರು ಗಂಟೆಗೊಮ್ಮೆ ಪುಸ್ತಕದಲ್ಲಿ ನೀರಿನ ಮಟ್ಟ ಬರೆಯಬೇಕು:
ಎರಡಡಿ ನಾಲ್ಕಂಗುಲ, ಎರಡಡಿ ಮೂರು.
ಅದೇ ಪುಸ್ತಕದ ಹಿಂಬದಿಯಿಂದ,
ತಲೆಕೆಳಗು ಹಿಡಿದು,
ಒಂದು ವರ್ಣ ಬರೆಯುತ್ತಿದ್ದೇನೆ, ಹನ್ನೊಂದು ತಿಂಗಳಿಂದ.

ರಾಗ ಶ್ರೀರಂಜನಿ. ಅದರಲ್ಲಿ ಪಂಚಮ ಇಲ್ಲ.
ಮಧ್ಯಮದಿಂದ ಧೈವತಕ್ಕೆ ಹೋಗುವಾಗ
ಕತ್ತಲಲ್ಲಿ ಇದೆಯೆಂದುಕೊಂಡ ಮೆಟ್ಟಿಲಿಗೆ ಕಾಲಿಟ್ಟು
ಬೀಳದೆ ನಿಂತ ಹಾಗೆ.
ಮನೆಯಲ್ಲಿ ತಂಬೂರಿಯ ಮೊದಲ ತಂತಿ ಸಡಿಲಿಸಿ
ಮಧ್ಯಮಕ್ಕೆ ಇಳಿಸಿದ ದಿನ ಕೈ ನಡುಗಿತು,
ಹಿರಿಯರನ್ನು ಯಾರನ್ನೋ
ಕೂತ ಜಾಗದಿಂದ ಎಬ್ಬಿಸಿದಂತೆ.

ಅಪ್ಪ ಮುದ್ದಯ್ಯ ವಾಲಗದ ಮೇಳದಲ್ಲಿ ಒತ್ತು ಹಿಡಿದವನು.
ನಾಗಸ್ವರ ಏರಿ, ಇಳಿದು, ಶಭಾಷ್ ಗಿಟ್ಟಿಸಿ
ಜೇಬಿಗೆ ನೋಟು ತುರುಕಿಸಿಕೊಳ್ಳುವಾಗ
ಪಕ್ಕದಲ್ಲಿ ಅಪ್ಪ, ಕೆನ್ನೆ ಉಬ್ಬಿಸಿ, ಒಂದೇ ಷಡ್ಜ.
ನಲವತ್ತು ವರ್ಷ ಅದೇ.
ಧಾರೆಗೂ ಅದೇ, ಊಟದ ಪಂಕ್ತಿಗೂ ಅದೇ.
"ಬೇಜಾರಾಗಲ್ವಾ ಅಪ್ಪಯ್ಯ?" ಅಂದರೆ
"ಒಂದೇನಾ ಅದು? ಕೇಳುಸ್ಕೊ ಮೊದ್ಲು" ಅನ್ನುತ್ತಿದ್ದ
ಬೀಡಿ ಹಚ್ಚುತ್ತ.

ಪಲ್ಲವಿ ಒಂದೇ ರಾತ್ರಿಗೆ ಬಂತು,
ಕರೆಯದೆ ಬಂದು ಮಣೆ ಎಳೆದುಕೊಂಡ ನೆಂಟನ ಹಾಗೆ.
ಹುರುಪಿನಲ್ಲಿ ಗಮಕಕ್ಕೆ ಗಮಕ ಹೆಣೆದೆ,
ಮಂಡ್ಯದ ಗುತ್ತಲು ರಸ್ತೆಗೆ ಹೋಗಿ
ವೇದಾವತಮ್ಮ ಟೀಚರ್ ಮುಂದೆ ಹಾಡಿದೆ.
ಕಣ್ಣು ಮುಚ್ಚಿ ಕೇಳಿದರು. ಕಾಫಿ ಕೊಟ್ಟರು. ಆಮೇಲೆ:
"ಇದರಲ್ಲಿ ನೀನು ತುಂಬಾ ಇದ್ದೀಯ, ಚೆಲುವರಾಜು.
ರಾಗಕ್ಕೆ ಕೂರೋಕೆ ಜಾಗ ಬೇಡವಾ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಟ್ಟು.
ಇಳಿಯುವಾಗ ನಾಚಿಕೆ.

ಆವತ್ತಿನಿಂದ ಬರೆಯುವುದು ಅಂದರೆ ಅಳಿಸುವುದು.
ಪಂಪ್‌ಸೆಟ್ಟುಗಳು ಸುಮ್ಮನಾದ ಮೇಲೆ ಕೂರುತ್ತೇನೆ.
ಜಪವಲ್ಲ. ಧ್ಯಾನ ಅಂತ ಹೆಸರಿಡಲೂ ಸಂಕೋಚ.
ಗೇಟಿನ ಸಂದಿಯಲ್ಲಿ ಸೋರುವ ನೀರಿಗೊಂದು ಶ್ರುತಿಯಿದೆ,
ಮಟ್ಟ ಏರಿದರೆ ಅದೂ ಒಂದೆಳೆ ಏರುತ್ತದೆ.
ಅದಕ್ಕೆ ಸೇರಿಸಿ ಸ ಹಿಡಿಯುತ್ತೇನೆ.
ಎಷ್ಟೋ ರಾತ್ರಿ ಅಷ್ಟೇ; ರಿ-ವರೆಗೂ ಹೋಗುವುದಿಲ್ಲ.
ಹೆಂಡತಿಗೆ ಆಡಬಾರದಿದ್ದ ಮಾತು, ಬಡ್ತಿಯ ಪಟ್ಟಿ, ಹಲ್ಲುನೋವು,
ಎಲ್ಲ ಬಂದು ಸಾಲಾಗಿ ಕೂತು
ಒಂದೊಂದಾಗಿ ಎದ್ದು ಹೋಗುತ್ತವೆ.
ಹಲ್ಲುನೋವು ಮಾತ್ರ ಹೋಗುವುದಿಲ್ಲ.

ಒಂದು ರಾತ್ರಿ ಕೀಲಾರದ ಬೋರಲಿಂಗ ಟಾರ್ಚು ಹಿಡಿದು ಓಡಿ ಬಂದ:
"ನಮ್ ಸರದಿ ಕಣಣ್ಣೋ, ಗೇಟೆತ್ತು!
ನೀನ್ ಹಾಡ್ಕಂಡು ಕೂತ್ರೆ ನನ್ ಪೈರು ಕೇಳುಸ್ಕಂಡು ಬೆಳೀತದಾ?"
ಹತ್ತು ನಿಮಿಷ ತಡ. ಚಕ್ರ ತಿರುಗಿಸಿದೆ, ಅಂಗೈಯೆಲ್ಲ ತುಕ್ಕು.
ನೀರು ತೂಬಿನ ಬಾಯಿಗೆ ಬಂದು, ಒಂದು ಕ್ಷಣ ನಿಂತು,
ಇದ್ದ ಕಡೆಯಿಂದ ಬೇಕಾದ ಕಡೆಗೆ
ನಡುವಿನದೇನನ್ನೂ ಮುಟ್ಟದೆ ಇಳಿಯಿತು.
ಮ, ಧ.
ಹಾಗಂತ ನನಗೆ ಕೇಳಿಸಿತು. ಟೀಚರಿಗೆ ಹೇಳಿದರೆ ನಕ್ಕುಬಿಟ್ಟಾರು.

ಚರಣದ ಕೊನೆಯ ಸ್ವರದಲ್ಲಿ ಮೂವತ್ತೆರಡು ಅಕ್ಷರ ತುಂಬಿದ್ದೆ,
ಈಗ ಒಂಬತ್ತು. ಉಳಿದದ್ದಕ್ಕೆಲ್ಲ ಕಾರ್ವೆ,
ಎಳೆದು ನಿಲ್ಲಿಸಿದ ಒಂದು ಮಧ್ಯಮ.
ಅದರೊಳಗೆ ಕಿವಿಯಿಟ್ಟರೆ ಒಂದಲ್ಲ, ಎಷ್ಟೋ ಇವೆ;
ಒಂದು, ಉಬ್ಬಿದ ಕೆನ್ನೆಯೊಳಗೆ ತಿರುಗುವ ಉಸಿರು.
ಅಪ್ಪಯ್ಯ, ಈಗ ಕೇಳಿಸ್ತಿದೆ. ಸ್ವಲ್ಪ.

ಸಾಹಿತ್ಯ ಅಂತ ಇರುವುದು ಮೂರು ಸಾಲು. ಅಂಕಿತ ಬೇಕು.
ಮೇಲುಕೋಟೆಯ ಸ್ವಾಮಿಯ ಹೆಸರಿಟ್ಟು ನೋಡಿದೆ, ಮಾತ್ರೆ ಹೆಚ್ಚಾಯಿತು.
ನನ್ನದು? ಛೆ.
ಖಾಲಿ ಬಿಟ್ಟಿದ್ದೇನೆ, ಬಾಗಿಲು ಓರೆ ಮಾಡಿಟ್ಟ ಹಾಗೆ.

ಗಂಟೆ ಮೂರಾಯಿತು.
ಪುಸ್ತಕ ನೆಟ್ಟಗೆ ಮಾಡಿ ಬರೆದೆ: ಎರಡಡಿ ಐದಂಗುಲ.
ಸಹಿ ಅಲ್ಲಿ ಹಾಕುತ್ತೇನೆ.
ಮುಂದಿನಿಂದ ನೀರು ಬರುತ್ತಿದೆ, ಹಿಂದಿನಿಂದ ರಾಗ.
ನಡುವೆ ಇನ್ನು ಆರು ಹಾಳೆ.